ನಗರಾಡಳಿತದ ಇಂಧನ ಉಳಿತಾಯ: ಅಳೆಯುವವರು ಯಾರು, ಉಳಿದ ಹಣ ಯಾರ ಲೆಕ್ಕಕ್ಕೆ?

ವಾರ್ಡ್ ಸಮಿತಿ ಸದಸ್ಯೆ

ಎಲ್ಲರಿಗೂ ನಮಸ್ಕಾರ. ನಮ್ಮ ನಗರಾಡಳಿತವು ಇಂಗಾಲದ ಹೊರಸೂಸುವಿಕೆಯನ್ನು ತಗ್ಗಿಸುವ ಯೋಜನೆಯೊಂದರ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯವನ್ನು ಕೇಳಿದೆ. ಬೀದಿದೀಪಗಳನ್ನೆಲ್ಲ ಎಲ್‌ಇಡಿಗೆ ಬದಲಿಸುವುದು, ಕಚೇರಿ ಕಟ್ಟಡಗಳ ತಾರಸಿಯಲ್ಲಿ ಸೌರಫಲಕ ಕೂರಿಸುವುದು, ಅಧಿಕಾರಿಗಳ ಓಡಾಟಕ್ಕೆ ವಿದ್ಯುತ್ ವಾಹನ ಕೊಳ್ಳುವುದು, ಗಿಡ ನೆಡುವುದು, ಇಷ್ಟಕ್ಕೆ ಕರಡು ಮುಗಿಯುತ್ತದೆ.

ಓದಿದ ಮೇಲೆ ನನ್ನಲ್ಲಿ ಎರಡು ಪ್ರಶ್ನೆಗಳು ಉಳಿದಿವೆ. ಈಗ ಆಡಳಿತವು ಎಷ್ಟು ವಿದ್ಯುತ್ತು ಮತ್ತು ಎಷ್ಟು ಡೀಸೆಲ್ ಬಳಸುತ್ತಿದೆ ಎಂಬ ಅಂಕಿ ಕರಡಿನಲ್ಲಿ ಎಲ್ಲಿಯೂ ಇಲ್ಲ. ಹಾಗಿರುವಾಗ ಐದು ವರ್ಷಗಳ ನಂತರ ಇಷ್ಟು ಉಳಿಯಿತು ಎಂದು ಯಾವ ಆಧಾರದ ಮೇಲೆ ಹೇಳುತ್ತಾರೆ? ಎರಡನೆಯದಾಗಿ, ಬಿಲ್ಲು ನಿಜಕ್ಕೂ ಕಡಿಮೆಯಾದರೆ ಉಳಿದ ಹಣ ಎಲ್ಲಿಗೆ ಹೋಗುತ್ತದೆ? ಲಿಖಿತ ಅಭಿಪ್ರಾಯ ಸಲ್ಲಿಸಬೇಕಾಗಿದೆ. ಈ ಕೆಲಸವನ್ನು ಒಳಗಿನಿಂದ ಕಂಡವರು ದಯವಿಟ್ಟು ವಿವರವಾಗಿ ಬರೆಯಿರಿ.

ನೇರಮಾತು

ಆಡಳಿತದ ಸ್ವಂತ ಕಟ್ಟಡ, ದೀಪ, ವಾಹನಗಳಿಂದ ಹೊರಬೀಳುವ ಇಂಗಾಲ ಇಡೀ ಪ್ರದೇಶದ ಒಟ್ಟು ಮೊತ್ತದಲ್ಲಿ ಬಹಳ ಸಣ್ಣ ಪಾಲು. ಬ್ರಿಟನ್ನಿನ ಹವಾಮಾನ ಬದಲಾವಣೆ ಸಮಿತಿ 2020ರಲ್ಲಿ ಕೊಟ್ಟ ಅಂದಾಜಿನಂತೆ ಅಲ್ಲಿನ ಸ್ಥಳೀಯ ಸಂಸ್ಥೆಗಳು ನೇರವಾಗಿ ಹೊಣೆಯಾಗಿರುವುದು 2ರಿಂದ 5 ಪ್ರತಿಶತಕ್ಕೆ ಮಾತ್ರ. ನೀವು ಹೇಳಿದ ಕರಡು ಪೂರ್ಣವಾಗಿ ಜಾರಿಯಾದರೂ ಆ ಚೂರಿನೊಳಗಿನ ಒಂದು ಚೂರು ತಗ್ಗುತ್ತದೆ, ಅಷ್ಟೇ. ರಸ್ತೆ, ಸಾರಿಗೆ, ಕಟ್ಟಡ ನಿಯಮ, ಭೂಬಳಕೆ ಇವುಗಳಿಗೆ ಕೈಹಾಕದ ಯೋಜನೆಯನ್ನು ನಾನು ಹವಾಮಾನ ಯೋಜನೆ ಎಂದು ಒಪ್ಪುವುದಿಲ್ಲ.

ಪಂಪ್‌ಹೌಸ್

ನೀರು ಸರಬರಾಜು ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದ್ದೇನೆ. ಸದಸ್ಯೆಯವರು ಕೊಟ್ಟ ಪಟ್ಟಿಯಲ್ಲಿ ನೀರಿನ ಮಾತೇ ಇಲ್ಲದಿರುವುದು ಎಲ್ಲಕ್ಕಿಂತ ದೊಡ್ಡ ಕೊರತೆಯಾಗಿ ಕಾಣುತ್ತದೆ. ನೀರನ್ನು ದೂರದಿಂದ ಅಥವಾ ಆಳದಿಂದ ಎತ್ತಿ ತರಬೇಕಾದ ಕಡೆಗಳಲ್ಲಿ ಆಡಳಿತದ ವಿದ್ಯುತ್ ಬಿಲ್ಲಿನ ದೊಡ್ಡ ಪಾಲನ್ನು ಪಂಪುಗಳೇ ನುಂಗುತ್ತವೆ. ಬೀದಿದೀಪ ಜನರ ಕಣ್ಣಿಗೆ ಬೀಳುತ್ತದೆ, ಪಂಪ್‌ಹೌಸ್ ಬೀಳುವುದಿಲ್ಲ. ಯೋಜನೆ ಬರೆಯುವವರೂ ಅದನ್ನು ಮರೆಯುತ್ತಾರೆ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಮುಂದೆಂದೋ ಹೆಚ್ಚಬಹುದಾದ ಬೇಡಿಕೆಯನ್ನು ಎಣಿಸಿ ಅಗತ್ಯಕ್ಕಿಂತ ದೊಡ್ಡ ಪಂಪನ್ನು ಕೂರಿಸಿರುತ್ತಾರೆ. ಹರಿವು ಅತಿಯಾದಾಗ ವಾಲ್ವನ್ನು ಅರ್ಧ ಮುಚ್ಚಿ ಹದಕ್ಕೆ ತರುತ್ತಾರೆ. ಮೋಟಾರು ಪೂರ್ಣ ವೇಗದಲ್ಲಿ ತಿರುಗುತ್ತಲೇ ಇರುತ್ತದೆ, ಕೊಟ್ಟ ಶಕ್ತಿಯ ಒಂದು ಭಾಗ ವಾಲ್ವಿನಲ್ಲಿಯೇ ವ್ಯರ್ಥವಾಗುತ್ತದೆ. ವಾಲ್ವನ್ನು ಮುಚ್ಚುವ ಬದಲು ವೇಗ ನಿಯಂತ್ರಕವನ್ನು ಅಳವಡಿಸಿ ಮೋಟಾರಿನ ವೇಗವನ್ನೇ ತಗ್ಗಿಸಿದರೆ ಪಂಪು ಎಳೆಯುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಇಳಿಯುತ್ತದೆ: ವೇಗವನ್ನು 20 ಪ್ರತಿಶತ ಇಳಿಸಿದಾಗ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ.

ಇದಕ್ಕಿಂತಲೂ ಮೊದಲು ಸೋರಿಕೆಯನ್ನು ನೋಡಬೇಕು. ಕೊಳವೆಯಿಂದ ಮಣ್ಣಿಗೆ ಇಳಿದುಹೋಗುವ ಪ್ರತಿಯೊಂದು ಲೀಟರ್ ನೀರಿನ ಜೊತೆ ಅದನ್ನು ಎತ್ತಲು, ಶುದ್ಧೀಕರಿಸಲು, ಒತ್ತಡ ಕೊಟ್ಟು ಕಳುಹಿಸಲು ಬಳಸಿದ ವಿದ್ಯುತ್ತೂ ಹೋಗುತ್ತದೆ. ರಾತ್ರಿ ಬಳಕೆ ಇಳಿದಾಗ ಕೊಳವೆಯ ಒತ್ತಡ ಏರಿ ಸೋರಿಕೆಯೂ ಹೆಚ್ಚುತ್ತದೆ. ಆ ಹೊತ್ತಿನಲ್ಲಿ ಒತ್ತಡ ತಗ್ಗಿಸುವುದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ.

ಹೈಡ್ರಾಲಿಕ್ಸ್ ಓದಿದವನು

ಪಂಪ್‌ಹೌಸ್ ಅವರ ಮಾತಿಗೆ ಒಂದು ತಿದ್ದುಪಡಿ ಅಗತ್ಯ. ಘನದ ಆ ಲೆಕ್ಕ ನಿಲ್ಲುವುದು ಕೊಳವೆಯ ಘರ್ಷಣೆಯೇ ಮುಖ್ಯ ಹೊರೆಯಾಗಿರುವ ವ್ಯವಸ್ಥೆಯಲ್ಲಿ. ನೀರನ್ನು ಎತ್ತರದ ತೊಟ್ಟಿಗೆ ಏರಿಸಬೇಕಾದಲ್ಲಿ ಆ ಎತ್ತರದ ಹೊರೆ ವೇಗ ಇಳಿಸಿದರೂ ಇಳಿಯುವುದಿಲ್ಲ; ಉಳಿತಾಯ ಬಹಳ ಕಡಿಮೆಯಾಗುತ್ತದೆ, ಒಂದು ಮಿತಿಗಿಂತ ಕೆಳಗೆ ನೀರೇ ಮೇಲೇರುವುದಿಲ್ಲ. ಅಂಥ ಕಡೆ ಸರಿಯಾದ ಅಳತೆಯ ಪಂಪನ್ನು ಹಾಕುವುದೇ ಉತ್ತಮ. ವೇಗ ನಿಯಂತ್ರಕವನ್ನು ಎಲ್ಲ ರೋಗಕ್ಕೂ ಮದ್ದೆಂದು ಮಾರುವವರಿದ್ದಾರೆ, ಎಚ್ಚರಿಕೆ ಇರಲಿ.

ಪಂಪ್‌ಹೌಸ್

ಒಪ್ಪುತ್ತೇನೆ. ಆದ್ದರಿಂದಲೇ ಟೆಂಡರ್ ಕರೆಯುವ ಮುನ್ನ ಪ್ರತಿ ಪಂಪಿನ ಹರಿವು, ಒತ್ತಡ ಮತ್ತು ವಿದ್ಯುತ್ ಬಳಕೆಯನ್ನು ಸ್ಥಳದಲ್ಲಿಯೇ ಅಳೆಯಬೇಕು ಎನ್ನುತ್ತೇನೆ. ಹೆಸರು ಫಲಕದ ಮೇಲಿರುವ ಅಂಕಿಗೂ ವರ್ಷಗಟ್ಟಲೆ ಓಡಿ ಇಂಪೆಲ್ಲರ್ (ನೀರನ್ನು ತಳ್ಳುವ ಒಳಗಿನ ಚಕ್ರ) ಸವೆದ ಪಂಪು ನಿಜವಾಗಿ ಕೊಡುವ ಕೆಲಸಕ್ಕೂ ಬಹಳ ಅಂತರವಿರುತ್ತದೆ.

ದೀಪ ನಿರ್ವಹಣೆ

ಎಲ್‌ಇಡಿಯನ್ನು ಅಷ್ಟು ಹಗುರವಾಗಿ ತಳ್ಳಿಹಾಕಬೇಡಿ. ಲಾಸ್ ಏಂಜಲೀಸ್ ನಗರವು 2009ರಿಂದ ಮೊದಲ ಹಂತದಲ್ಲಿ ಸುಮಾರು 1,40,000 ಬೀದಿದೀಪಗಳನ್ನು ಬದಲಿಸಿದಾಗ ಆ ದೀಪಗಳ ವಿದ್ಯುತ್ ಬಳಕೆ 60 ಪ್ರತಿಶತಕ್ಕೂ ಹೆಚ್ಚು ಇಳಿಯಿತು. ಹಾಕಿದ ಬಂಡವಾಳವನ್ನು ಉಳಿತಾಯದಿಂದಲೇ ಹಿಂತಿರುಗಿಸಬಲ್ಲ ಕೆಲಸಗಳು ಹೆಚ್ಚಿಲ್ಲ, ಇದು ಅವುಗಳಲ್ಲಿ ಒಂದು.

ಆದರೆ ಕೆಲಸ ಕೆಡುವ ಜಾಗಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೊದಲನೆಯದು ಬೆಳಕಿನ ಬಣ್ಣ. ಆರಂಭದ ವರ್ಷಗಳಲ್ಲಿ ಅತಿ ನೀಲಿ ಬೆಳಕಿನ ದೀಪಗಳನ್ನು ಹಾಕಿ ಜನರ ನಿದ್ರೆಗೂ ಕಣ್ಣಿಗೂ ತೊಂದರೆ ಮಾಡಿದ ನಗರಗಳಿವೆ. ಕ್ಯಾಲಿಫೋರ್ನಿಯಾದ ಡೇವಿಸ್ ನಗರವು ನಿವಾಸಿಗಳ ದೂರಿನ ನಂತರ 2014ರಲ್ಲಿ ಹೊಸದಾಗಿ ಹಾಕಿದ್ದ ದೀಪಗಳನ್ನೇ ಬದಲಿಸಬೇಕಾಯಿತು. 2016ರಲ್ಲಿ ಅಮೆರಿಕದ ವೈದ್ಯಕೀಯ ಸಂಘವು ಬೀದಿದೀಪಗಳ ವರ್ಣತಾಪ (ಬೆಳಕಿನ ಬಣ್ಣದ ಅಳತೆ; ಅಂಕಿ ಏರಿದಷ್ಟೂ ಬೆಳಕು ನೀಲಿ) 3000 ಕೆಲ್ವಿನ್ ಮೀರದಿರಲಿ ಎಂದು ಸಲಹೆ ಕೊಟ್ಟಿತು. ಎರಡನೆಯದು ಡ್ರೈವರ್. ಎಲ್‌ಇಡಿ ಚಿಪ್ ಸುಲಭವಾಗಿ ಸಾಯುವುದಿಲ್ಲ, ಅದಕ್ಕೆ ವಿದ್ಯುತ್ ಒದಗಿಸುವ ಡ್ರೈವರ್ ವೋಲ್ಟೇಜ್ ಏರಿಳಿತಕ್ಕೆ ಸಿಕ್ಕಿ ಸಾಯುತ್ತದೆ. ಬದಲಿಸುವ ಕೆಲಸವನ್ನಷ್ಟೇ ಗುತ್ತಿಗೆ ಕೊಟ್ಟು ನಿರ್ವಹಣೆಯನ್ನು ಬಿಟ್ಟರೆ ಕೆಲವೇ ವರ್ಷಗಳಲ್ಲಿ ಬೀದಿಗಳು ಕತ್ತಲಾಗುತ್ತವೆ, ಜನ ಹಳೆಯ ದೀಪವೇ ಬೇಕೆನ್ನುತ್ತಾರೆ.

ಮೂರನೆಯದನ್ನು ಸದಸ್ಯೆಯವರು ದಯವಿಟ್ಟು ಬರೆದುಕೊಳ್ಳಬೇಕು. ಅನೇಕ ಬೀದಿದೀಪಗಳಿಗೆ ಮೀಟರ್ ಇರುವುದಿಲ್ಲ. ಇಷ್ಟು ಕಂಬ, ಇಷ್ಟು ವಾಟ್, ಇಷ್ಟು ಗಂಟೆ ಎಂದು ಸಂಪರ್ಕಿತ ಲೋಡಿನ ಲೆಕ್ಕದಲ್ಲಿ ಬಿಲ್ಲು ಬರುತ್ತದೆ. ದೀಪ ಬದಲಾದ ಮೇಲೆ ವಿದ್ಯುತ್ ಕಂಪನಿಗೆ ಪತ್ರ ಬರೆದು ಲೋಡನ್ನು ಪರಿಷ್ಕರಿಸದಿದ್ದರೆ ಆಡಳಿತವು ಹಳೆಯ ಸೋಡಿಯಂ ದೀಪದ ಹಣವನ್ನೇ ಕಟ್ಟುತ್ತಿರುತ್ತದೆ. ನಾನು ಕೆಲಸ ಮಾಡಿದ ಒಂದು ಕಡೆ ಇದೇ ನಡೆದಿತ್ತು. ಯೋಜನೆ ವಿಫಲವಾಯಿತೆಂದು ಸಭೆಯಲ್ಲಿ ಗದ್ದಲವಾಯಿತು. ಬಳಕೆ ನಿಜಕ್ಕೂ ಇಳಿದಿತ್ತು, ಬಿಲ್ಲು ಮಾತ್ರ ಇಳಿದಿರಲಿಲ್ಲ.

ಹೊಸ ಓದುಗ

ಹಗಲಿನಲ್ಲಿಯೂ ಉರಿಯುವ ದೀಪಗಳ ಬಗ್ಗೆ ಯಾರೂ ಹೇಳಲಿಲ್ಲವಲ್ಲ.

ದೀಪ ನಿರ್ವಹಣೆ

ಸರಿಯಾದ ಮಾತು. ಟೈಮರ್ ಅಥವಾ ಬೆಳಕಿನ ಸಂವೇದಕ ಕೆಟ್ಟಿರುತ್ತದೆ, ಇಲ್ಲವೇ ಹಗಲಿನ ದುರಸ್ತಿಗೆಂದು ಹಾಕಿದ ಸ್ವಿಚ್ಚನ್ನು ಯಾರೂ ತೆಗೆದಿರುವುದಿಲ್ಲ. ಮೀಟರ್ ಇಲ್ಲದ ಕಡೆ ಇದು ಬಿಲ್ಲಿನಲ್ಲಿಯೂ ಕಾಣಿಸುವುದಿಲ್ಲ.

ಲೆಕ್ಕಪತ್ರ ವಿಭಾಗ

ಎರಡನೆಯ ಪ್ರಶ್ನೆಗೆ ಇನ್ನೂ ಯಾರೂ ಬಂದಿಲ್ಲ. ನನ್ನ ದೃಷ್ಟಿಯಲ್ಲಿ ಎಲ್ಲವೂ ನಿಂತಿರುವುದು ಅದರ ಮೇಲೆಯೇ.

ಒಂದು ವಿಭಾಗವು ಕಷ್ಟಪಟ್ಟು ವಿದ್ಯುತ್ ಉಳಿಸಿತು ಎಂದುಕೊಳ್ಳಿ. ಬಿಲ್ಲನ್ನು ಕೇಂದ್ರ ಕಚೇರಿಯೇ ಕಟ್ಟುತ್ತಿದ್ದರೆ ಉಳಿತಾಯದ ಸುದ್ದಿಯೂ ಆ ವಿಭಾಗಕ್ಕೆ ತಿಳಿಯುವುದಿಲ್ಲ. ಬಿಲ್ಲನ್ನು ವಿಭಾಗವೇ ಕಟ್ಟುತ್ತಿದ್ದರೆ ಮುಂದಿನ ಬಜೆಟ್ಟಿನಲ್ಲಿ ವಿದ್ಯುತ್ ಬಾಬ್ತಿನ ಅನುದಾನವನ್ನು ಉಳಿದಷ್ಟೂ ಕತ್ತರಿಸುತ್ತಾರೆ. ಎರಡರಲ್ಲಿ ಯಾವುದಾದರೂ ಉಳಿಸಿದವರಿಗೆ ಸಿಗುವುದು ಶೂನ್ಯ. ಹೊಸ ಉಪಕರಣ ಕೊಳ್ಳಲು ಬಂಡವಾಳ ಶೀರ್ಷಿಕೆಯಲ್ಲಿ ಹಣ ಬೇಕು, ಉಳಿತಾಯ ಕಾಣುವುದು ನಿರ್ವಹಣಾ ಶೀರ್ಷಿಕೆಯಲ್ಲಿ. ಇವೆರಡನ್ನೂ ಸೇರಿಸಿ ನೋಡುವ ಅಧಿಕಾರಿ ಬಹಳಷ್ಟು ಕಚೇರಿಗಳಲ್ಲಿ ಇರುವುದೇ ಇಲ್ಲ.

ಜರ್ಮನಿಯ ಸ್ಟುಟ್‌ಗಾರ್ಟ್ ನಗರ ಇದಕ್ಕೆ 1995ರಿಂದ ಒಂದು ದಾರಿ ಮಾಡಿಕೊಂಡಿದೆ. ನಗರಾಡಳಿತದ ಪರಿಸರ ವಿಭಾಗದಲ್ಲಿ ಒಂದು ನಿಧಿ ಇದೆ. ಬೇರೆ ವಿಭಾಗಗಳಿಗೆ, ಉದಾಹರಣೆಗೆ ಶಾಲೆ, ಆಸ್ಪತ್ರೆ, ಈಜುಕೊಳಗಳಿಗೆ, ಇಂಧನ ಉಳಿಸುವ ಕೆಲಸಕ್ಕೆ ಆ ನಿಧಿ ಮುಂಗಡ ಕೊಡುತ್ತದೆ. ಬಿಲ್ಲಿನಲ್ಲಿ ಉಳಿದ ಹಣ ಆ ಮುಂಗಡ ತೀರುವವರೆಗೆ ನಿಧಿಗೆ ಹಿಂತಿರುಗುತ್ತದೆ, ನಂತರದ ಉಳಿತಾಯ ಆ ವಿಭಾಗದ್ದೇ. ಹಿಂತಿರುಗಿದ ಹಣದಿಂದ ಮುಂದಿನ ಕೆಲಸ ಶುರುವಾಗುತ್ತದೆ. ಹೊರಗಿನ ಕಂಪನಿಗೆ ಲಾಭಾಂಶ ಕೊಡಬೇಕಾಗಿಲ್ಲ, ಆದ್ದರಿಂದ ಅವರು ಮುಟ್ಟದ ಸಣ್ಣ ಕೆಲಸಗಳನ್ನೂ ಮಾಡಬಹುದು. ಇದನ್ನು ನಡೆಸಲು ಉಳಿತಾಯವನ್ನು ನಂಬಲರ್ಹವಾಗಿ ಅಳೆಯಬಲ್ಲ ಎಂಜಿನಿಯರುಗಳು ಆಡಳಿತದ ಒಳಗೇ ಇರಬೇಕು ಎಂಬುದು ಮಾತ್ರ ಕಡ್ಡಾಯ.

ಶಿಕ್ಷಕಿ

ಲೆಕ್ಕಪತ್ರ ವಿಭಾಗದವರ ಮಾತು ನನ್ನ ಅನುಭವಕ್ಕೂ ಹೊಂದುತ್ತದೆ. ಹ್ಯಾಂಬರ್ಗಿನಲ್ಲಿ 1990ರ ದಶಕದಲ್ಲಿ ಶಾಲೆ ಉಳಿಸಿದ ಇಂಧನ ವೆಚ್ಚದ ಅರ್ಧವನ್ನು ಶಾಲೆಗೇ ಕೊಡುವ ಪದ್ಧತಿ ಶುರುವಾಗಿ ಆಮೇಲೆ ಬೇರೆ ಕಡೆಗಳಿಗೂ ಹರಡಿತು. ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಅದೇ ಮಾದರಿಯನ್ನು ತಂದಿದ್ದರು. ಮಕ್ಕಳೇ ತರಗತಿಗಳ ಮೀಟರ್ ಓದಿ ಗೋಡೆಯ ಪಟ್ಟಿಯಲ್ಲಿ ಬರೆಯುತ್ತಿದ್ದರು. ರಜೆಯ ದಿನಗಳಲ್ಲಿಯೂ ನೀರು ಕಾಯಿಸುವ ಯಂತ್ರ ಓಡುತ್ತಿತ್ತು ಎಂಬುದನ್ನು ಕಂಡುಹಿಡಿದವರು ಮಕ್ಕಳು. ಸಿಕ್ಕ ಪಾಲಿನಲ್ಲಿ ಗ್ರಂಥಾಲಯಕ್ಕೆ ಪುಸ್ತಕಗಳು ಬಂದವು. ನಂತರ ಮೇಲಿನ ಕಚೇರಿಯೊಂದು ಆ ಪಾಲನ್ನು ನಿಲ್ಲಿಸಿತು. ಪಟ್ಟಿ ಗೋಡೆಯ ಮೇಲೆ ಉಳಿಯಿತು, ಬರೆಯುವವರು ಉಳಿಯಲಿಲ್ಲ. ಮಕ್ಕಳ ಆಸಕ್ತಿಯನ್ನು ಹಾಗೆ ನಂದಿಸಿದ್ದು ನನಗೆ ಇಂದಿಗೂ ಬೇಸರದ ಸಂಗತಿ.

ನೇರಮಾತು

ಶಿಕ್ಷಕಿಯವರ ನೋವನ್ನು ಗೌರವಿಸುತ್ತೇನೆ. ಆದರೂ ನನ್ನ ಆಕ್ಷೇಪ ಹಾಗೆಯೇ ಇದೆ: ಚರ್ಚೆ ಮತ್ತೆ ಆಡಳಿತದ ಕಾಂಪೌಂಡಿನೊಳಗೇ ಸುತ್ತುತ್ತಿದೆ. ಹೊರಗೆ ಮಾಡಬಹುದಾದದ್ದನ್ನು ನೋಡಿ. ಸ್ಟಾಕ್‌ಹೋಮ್ 2006ರ ಜನವರಿಯಲ್ಲಿ ಪ್ರಾಯೋಗಿಕವಾಗಿ ದಟ್ಟಣೆ ಶುಲ್ಕ ಹಾಕಿದಾಗ ಶುಲ್ಕದ ಗಡಿ ದಾಟುವ ವಾಹನಗಳು ಸುಮಾರು 20 ಪ್ರತಿಶತ ಇಳಿದವು. ಪ್ರಯೋಗಕ್ಕೆ ಮುನ್ನ ವಿರೋಧಿಸಿದ್ದ ನಗರವೇ ಅದೇ ವರ್ಷದ ಜನಮತ ಸಂಗ್ರಹದಲ್ಲಿ ಅಲ್ಪ ಬಹುಮತದಿಂದ ಒಪ್ಪಿತು, 2007ರಲ್ಲಿ ಶುಲ್ಕ ಶಾಶ್ವತವಾಯಿತು. ನಾಟಿಂಗ್‌ಹ್ಯಾಮ್ 2012ರಿಂದ ದೊಡ್ಡ ಉದ್ಯೋಗದಾತರ ಪಾರ್ಕಿಂಗ್ ಜಾಗಗಳ ಮೇಲೆ ಕರ ಹಾಕಿ ಆ ಹಣವನ್ನು ಟ್ರಾಮ್ ಮಾರ್ಗಕ್ಕೆ ಬಳಸುತ್ತಿದೆ. ಟೋಕಿಯೊ ಮಹಾನಗರಾಡಳಿತ 2010ರಲ್ಲಿ ದೊಡ್ಡ ಕಟ್ಟಡ ಮತ್ತು ಕಾರ್ಖಾನೆಗಳ ಹೊರಸೂಸುವಿಕೆಗೆ ಮಿತಿ ಹಾಕಿ, ಮಿತಿಗಿಂತ ಹೆಚ್ಚು ತಗ್ಗಿಸಿದವರು ಆ ಹೆಚ್ಚುವರಿಯನ್ನು ಮಾರಬಹುದಾದ ವ್ಯವಸ್ಥೆ ತಂದಿತು. ನ್ಯೂಯಾರ್ಕ್ 2019ರ ಕಾನೂನಿನಲ್ಲಿ 25,000 ಚದರ ಅಡಿ ಮೀರಿದ ಬಹುತೇಕ ಕಟ್ಟಡಗಳಿಗೆ 2024ರಿಂದ ಮಿತಿ ವಿಧಿಸಿದೆ. ಇವೆಲ್ಲವೂ ನಗರಾಡಳಿತಗಳ ಕೆಲಸಗಳೇ.

ಹಳೆಯ ಕಡತ

ನೇರಮಾತು ಅವರೇ, ನೀವು ಹೆಸರಿಸಿದ ನಗರಗಳಿಗೆ ಕರ ಹಾಕುವ ಅಥವಾ ಕಾನೂನು ಮಾಡುವ ಅಧಿಕಾರ ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕಿತ್ತು. ಸ್ಟಾಕ್‌ಹೋಮಿನ ಶುಲ್ಕ ಕಾನೂನಿನ ದೃಷ್ಟಿಯಲ್ಲಿ ರಾಷ್ಟ್ರೀಯ ತೆರಿಗೆ; ಸಂಸತ್ತು ಕಾನೂನು ಮಾಡಿದ ಮೇಲೆಯೇ ಅದು ಜಾರಿಗೆ ಬಂದದ್ದು. ನಾಟಿಂಗ್‌ಹ್ಯಾಮಿನ ಕರಕ್ಕೆ ಆಧಾರ ಬ್ರಿಟನ್ನಿನ 2000ದ ಸಾರಿಗೆ ಕಾಯಿದೆ. ಹೆಚ್ಚಿನ ಸ್ಥಳೀಯ ಸಂಸ್ಥೆಗಳ ಕೈಯಲ್ಲಿ ಅಂಥ ಅಧಿಕಾರವಿಲ್ಲ. ಇಲ್ಲದ ಅಧಿಕಾರವನ್ನು ಕರಡಿನಲ್ಲಿ ಬರೆದರೆ ಅದು ಕಡತದಲ್ಲಿಯೇ ಉಳಿಯುತ್ತದೆ. ತನ್ನ ಪಂಪು, ತನ್ನ ದೀಪ, ತನ್ನ ಕಟ್ಟಡಗಳನ್ನು ನೆಟ್ಟಗೆ ನಡೆಸದ ಸಂಸ್ಥೆ ನಾಗರಿಕರ ಕಟ್ಟಡಗಳಿಗೆ ಮಿತಿ ಹಾಕಲು ಹೊರಟರೆ ಯಾರು ಕೇಳುತ್ತಾರೆ?

ನೇರಮಾತು

ಅಧಿಕಾರವಿಲ್ಲವೆಂಬ ಮಾತು ಅರ್ಧ ನಿಜ. ನಾನು ಮೇಲೆ ಹೇಳಿದ ಅದೇ ಬ್ರಿಟಿಷ್ ವರದಿ, ಸ್ಥಳೀಯ ಸಂಸ್ಥೆಗಳು ತಮ್ಮ ಅಧಿಕಾರ ಮತ್ತು ಸಹಭಾಗಿತ್ವದ ಮೂಲಕ ಪ್ರದೇಶದ ಹೊರಸೂಸುವಿಕೆಯ ಸುಮಾರು ಮೂರನೇ ಒಂದು ಭಾಗದ ಮೇಲೆ ಪ್ರಭಾವ ಬೀರಬಲ್ಲವು ಎಂದಿದೆ. ಕಟ್ಟಡ ಪರವಾನಗಿ, ಪಾದಚಾರಿ ಮಾರ್ಗ, ಬಸ್ಸಿಗೆ ಪ್ರತ್ಯೇಕ ಪಥ, ಪಾರ್ಕಿಂಗ್ ಶುಲ್ಕ ಇವು ಬಹಳಷ್ಟು ಕಡೆ ಸ್ಥಳೀಯ ಸಂಸ್ಥೆಯ ಕೈಯಲ್ಲಿಯೇ ಇವೆ. ಬಾರ್ಸಿಲೋನಾ 2000ದಲ್ಲಿ ಹೊಸ ಕಟ್ಟಡಗಳ ಬಿಸಿನೀರಿನ ಬಹುಪಾಲು ಸೂರ್ಯನ ಶಾಖದಿಂದಲೇ ಬರಬೇಕೆಂಬ ನಿಯಮ ಜಾರಿಗೆ ತಂದದ್ದು ಪುರಸಭೆಯ ಆದೇಶದಿಂದ.

ಕಟ್ಟಡ ವಿನ್ಯಾಸಕಿ

ಪರವಾನಗಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನಿಯಮಕ್ಕೆ ತಕ್ಕ ನಕ್ಷೆ ಸಲ್ಲಿಸುವುದು ಕಷ್ಟವಲ್ಲ. ಕಟ್ಟಿದ ಮೇಲೆ ಅದು ನಕ್ಷೆಯಂತಿದೆಯೇ ಎಂದು ನೋಡುವವರು ಬೇಕು. ನಿರೋಧಕ ಪದರ, ಕಿಟಕಿಯ ನೆರಳು ಇವನ್ನೆಲ್ಲ ಖರ್ಚು ಉಳಿಸಲು ಕೊನೆಯಲ್ಲಿ ಬಿಟ್ಟುಬಿಡುತ್ತಾರೆ, ಪ್ರಮಾಣಪತ್ರ ಹೇಗೋ ಸಿಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2008ರಿಂದ ದೊಡ್ಡ ಸಾರ್ವಜನಿಕ ಕಟ್ಟಡಗಳು ತಮ್ಮ ನಿಜವಾದ ಇಂಧನ ಬಳಕೆಯ ದರ್ಜೆಯನ್ನು ಜನರಿಗೆ ಕಾಣುವಂತೆ ತೂಗುಹಾಕಬೇಕು. ನಕ್ಷೆಯ ಲೆಕ್ಕವನ್ನು ಬಿಟ್ಟು ಮೀಟರಿನ ಲೆಕ್ಕವನ್ನು ತೋರಿಸುವ ಈ ಪದ್ಧತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಘನತ್ಯಾಜ್ಯ

ಕಸದ ವಿಷಯವನ್ನು ಎಲ್ಲರೂ ಬಿಟ್ಟಿದ್ದೀರಿ. ಹಸಿ ಕಸವನ್ನು ರಾಶಿ ಹಾಕಿದಾಗ ಗಾಳಿ ಸಿಗದ ಒಳಪದರಗಳಲ್ಲಿ ಅದು ಕೊಳೆತು ಮೀಥೇನ್ ಬಿಡುತ್ತದೆ. ಇಪ್ಪತ್ತು ವರ್ಷಗಳ ಅವಧಿಗೆ ಲೆಕ್ಕ ಹಾಕಿದರೆ ಮೀಥೇನಿನ ತಾಪ ಹೆಚ್ಚಿಸುವ ಶಕ್ತಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟಿನಷ್ಟು. ಕಸ ವಿಲೇವಾರಿ ಸ್ಥಳೀಯ ಸಂಸ್ಥೆಯದೇ ಕೆಲಸ, ಇದಕ್ಕೆ ಯಾರ ಅನುಮತಿಯನ್ನೂ ಕಾಯಬೇಕಿಲ್ಲ. ಹಸಿ ಕಸವನ್ನು ಮೂಲದಲ್ಲಿಯೇ ಬೇರ್ಪಡಿಸಿ ಗೊಬ್ಬರ ಅಥವಾ ಅನಿಲ ಮಾಡುವುದಕ್ಕೆ ಗಿಡ ನೆಡುವುದಕ್ಕಿಂತ ಮೊದಲಿನ ಸ್ಥಾನ ಸಿಗಬೇಕು.

ಹೊಸ ಓದುಗ

ಇಷ್ಟೆಲ್ಲ ತಾಪತ್ರಯದ ಬದಲು ಆಡಳಿತವೇ ಒಂದು ವಿದ್ಯುತ್ ಕಂಪನಿ ಮಾಡಿ ಜನರಿಗೆ ಹಸಿರು ವಿದ್ಯುತ್ ಮಾರಬಾರದೇ?

ಲೆಕ್ಕಪತ್ರ ವಿಭಾಗ

ಉತ್ಪಾದನೆಗೂ ಮಾರಾಟಕ್ಕೂ ವ್ಯತ್ಯಾಸವಿದೆ. ಡೆನ್ಮಾರ್ಕಿನ ಸಾಮ್ಸೊ ದ್ವೀಪದಲ್ಲಿ ನಿವಾಸಿಗಳೂ ಪುರಸಭೆಯೂ ಗಾಳಿಯಂತ್ರಗಳಲ್ಲಿ ಪಾಲು ಹೊಂದಿ ಯಶಸ್ವಿಯಾದರು. ನಾಟಿಂಗ್‌ಹ್ಯಾಮ್ ಪುರಸಭೆ 2015ರಲ್ಲಿ ಸ್ಥಾಪಿಸಿದ ಚಿಲ್ಲರೆ ವಿದ್ಯುತ್ ಮಾರಾಟ ಕಂಪನಿಯು 2020ರಲ್ಲಿ ಮುಚ್ಚಿತು. ಸಾರ್ವಜನಿಕ ಹಣ ಕೋಟ್ಯಂತರ ಪೌಂಡ್ ನಷ್ಟವಾಯಿತು. ಸಗಟು ಬೆಲೆಯ ಏರಿಳಿತವನ್ನು ತಾಳಿಕೊಳ್ಳುವ ವ್ಯಾಪಾರ ಸ್ಥಳೀಯ ಸಂಸ್ಥೆಗೆ ಹೇಳಿಮಾಡಿಸಿದ್ದಲ್ಲ.

ಹಳೆಯ ಕಡತ

ಗುರಿಗಳ ಬಗ್ಗೆಯೂ ಒಂದು ಮಾತು. ಕೋಪನ್‌ಹೇಗನ್ 2025ರೊಳಗೆ ಇಂಗಾಲ ತಟಸ್ಥವಾಗುವ (ಹೊರಬಿಟ್ಟಷ್ಟನ್ನೂ ಸರಿದೂಗಿಸುವ) ಗುರಿ ಇಟ್ಟುಕೊಂಡು ಬಹುಪಾಲು ಹೊರಸೂಸುವಿಕೆಯನ್ನು ತಗ್ಗಿಸಿತು. ಕಸ ಸುಡುವ ಘಟಕದಲ್ಲಿ ಇಂಗಾಲ ಹಿಡಿಯುವ ಯೋಜನೆಗೆ ಹಣ ಹೊಂದದೆ, ಗುರಿ ಆ ವರ್ಷಕ್ಕೆ ಮುಟ್ಟುವುದಿಲ್ಲ ಎಂದು 2022ರಲ್ಲಿ ತಾನೇ ಘೋಷಿಸಿತು. ಲೆಕ್ಕ ಸರಿಯಾಗಿದ್ದುದರಿಂದಲೇ ಮೂರು ವರ್ಷ ಮುಂಚೆ ಹಾಗೆ ಹೇಳಲು ಸಾಧ್ಯವಾಯಿತು. ಓಸ್ಲೋ ಇನ್ನೂ ಮುಂದೆ ಹೋಗಿದೆ: 2017ರಿಂದ ಹಣದ ಬಜೆಟ್ಟಿನೊಂದಿಗೆ ಇಂಗಾಲದ ಬಜೆಟ್ಟನ್ನೂ ಮಂಡಿಸುತ್ತದೆ. ಯಾವ ಕ್ರಮದಿಂದ ಎಷ್ಟು ಟನ್ ತಗ್ಗಬೇಕು, ಅದರ ಹೊಣೆ ಯಾವ ವಿಭಾಗದ್ದು ಎಂಬುದು ಅಲ್ಲಿ ಹಣಕಾಸಿನಷ್ಟೇ ಸ್ಪಷ್ಟವಾಗಿರುತ್ತದೆ.

ಹೈಡ್ರಾಲಿಕ್ಸ್ ಓದಿದವನು

ಲೆಕ್ಕದಲ್ಲಿ ಎರಡು ಬಲೆಗಳಿವೆ. ವಿದ್ಯುತ್ ಜಾಲಕ್ಕೆ ಗಾಳಿ ಮತ್ತು ಸೌರ ವಿದ್ಯುತ್ ಹೆಚ್ಚು ಸೇರಿದಷ್ಟೂ ಒಂದು ಯೂನಿಟ್ಟಿನ ಹಿಂದಿನ ಇಂಗಾಲ ತಾನಾಗಿ ಇಳಿಯುತ್ತದೆ. ಆಗ ಸ್ಥಳೀಯ ಸಂಸ್ಥೆ ಏನೂ ಮಾಡದಿದ್ದರೂ ವರದಿಯಲ್ಲಿ ಸಾಧನೆ ಕಾಣುತ್ತದೆ. ಆದ್ದರಿಂದ ಟನ್ನುಗಳ ಜೊತೆಗೆ ಯೂನಿಟ್ಟುಗಳನ್ನೂ ಕೇಳಬೇಕು. ಎರಡನೆಯದು, ಕಸದ ಲಾರಿಗಳನ್ನು ಗುತ್ತಿಗೆಗೆ ಕೊಟ್ಟ ಕೂಡಲೇ ಅವುಗಳ ಡೀಸೆಲ್ ಆಡಳಿತದ ಲೆಕ್ಕದಿಂದ ಮಾಯವಾಗಬಹುದು. ಲೆಕ್ಕದ ಎಲ್ಲೆ ಯಾವುದು ಎಂಬುದನ್ನು ಮೊದಲ ವರ್ಷವೇ ಬರೆದಿಡಬೇಕು.

ವಾರ್ಡ್ ಸಮಿತಿ ಸದಸ್ಯೆ

ಎಲ್ಲರಿಗೂ ಕೃತಜ್ಞತೆಗಳು. ನನ್ನ ಅಭಿಪ್ರಾಯ ಪತ್ರದಲ್ಲಿ ಮೊದಲು ಕೇಳುವುದು ಹಿಂದಿನ ವರ್ಷಗಳ ಬಳಕೆಯನ್ನು ಯೂನಿಟ್ಟುಗಳಲ್ಲಿ, ಗುತ್ತಿಗೆದಾರರ ಡೀಸೆಲ್ಲನ್ನೂ ಸೇರಿಸಿ, ಪ್ರಕಟಿಸಬೇಕೆಂದು. ನಂತರ ಉಳಿತಾಯದ ಹಣಕ್ಕೆ ಪ್ರತ್ಯೇಕ ನಿಧಿ, ಅದರಲ್ಲಿ ಉಳಿಸಿದ ವಿಭಾಗಕ್ಕೆ ಖಚಿತವಾದ ಪಾಲು. ಪಂಪು ಮತ್ತು ಹಸಿ ಕಸವನ್ನು ಸೇರಿಸುತ್ತೇನೆ. ನೇರಮಾತು ಅವರ ಪಾರ್ಕಿಂಗ್ ಶುಲ್ಕ ಮತ್ತು ಬಸ್ ಪಥವನ್ನೂ ಬಿಡುವುದಿಲ್ಲ. ಒಂದು ಸಂದೇಹ ಉಳಿದಿದೆ: ಹಳೆಯ ಬಳಕೆಯ ದಾಖಲೆಯೇ ಇಲ್ಲ ಎಂದು ಅವರು ಉತ್ತರಿಸಿದರೆ?

ಲೆಕ್ಕಪತ್ರ ವಿಭಾಗ

ದಾಖಲೆ ಇದ್ದೇ ಇರುತ್ತದೆ, ಏಕೆಂದರೆ ಬಿಲ್ಲು ಪಾವತಿಯಾಗಿರುತ್ತದೆ. ಪ್ರತಿ ಸಂಪರ್ಕದ ಖಾತೆ ಸಂಖ್ಯೆ, ಸ್ಥಳ, ಮಂಜೂರಾದ ಲೋಡು ಮತ್ತು ತಿಂಗಳುವಾರು ಯೂನಿಟ್ಟುಗಳ ಪಟ್ಟಿಯನ್ನು ಕೇಳಿ. ವಿದ್ಯುತ್ ಕಂಪನಿಯ ಬಳಿಯೂ ಅದೇ ಪಟ್ಟಿ ಇರುತ್ತದೆ, ಎರಡನ್ನೂ ಹೋಲಿಸಿ. ಕೆಡವಿದ ಕಟ್ಟಡದ ಸಂಪರ್ಕಕ್ಕೆ ಇನ್ನೂ ಹಣ ಕಟ್ಟುತ್ತಿರುವುದು ಅಲ್ಲಿಯೇ ಪತ್ತೆಯಾಗುತ್ತದೆ.

ಪಂಪ್‌ಹೌಸ್

ಪಂಪುಗಳಿಗಾದರೆ ಪಾಳಿಯ ಲಾಗ್ ಪುಸ್ತಕವನ್ನೂ ಕೇಳಿ. ಎಷ್ಟು ಗಂಟೆ ಓಡಿತು ಎಂಬುದನ್ನು ಆಪರೇಟರ್ ಕೈಯಿಂದ ಬರೆದಿರುತ್ತಾನೆ. ಹರಿವಿನ ಮೀಟರ್ ಕೆಟ್ಟಿದ್ದರೂ ಓಡಿದ ಗಂಟೆ ಮತ್ತು ಬಿಲ್ಲಿನ ಯೂನಿಟ್ಟುಗಳನ್ನು ಪಕ್ಕಪಕ್ಕ ಇಟ್ಟರೆ, ಮೊದಲು ತೆರೆದು ನೋಡಬೇಕಾದ ಪಂಪು ಯಾವುದೆಂದು ತಿಳಿಯುತ್ತದೆ.